ಸುವರ್ಣಾಳ ತಬ್ಯತ್

ನಮ್ಮ ಬೀದರ್ ಕಡೆ ತಬ್ಯತ್ ಎಂಬ ಮಾತಿಗೆ ಎರಡು ಅರ್ಥ. ಆರೋಗ್ಯವೂ ತಬ್ಯತ್ತೇ, ಮೈ ತುಂಬಿಕೊಳ್ಳುವುದೂ ತಬ್ಯತ್ತೇ. "ತಬ್ಯತ್ ಹ್ಯಾಂಗದರಿ" ಎಂದರೆ ಕ್ಷೇಮ ಸಮಾಚಾರ, "ತಬ್ಯತ್ ಆಗ್ಯಾದಲ್ಲರಿ" ಎಂದರೆ ದಪ್ಪಗಾಗಿದ್ದೀರಿ ಎಂಬ ಹೊಗಳಿಕೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ ಹಿರಿಯರನ್ನು ಬೈಯುವ ಹಾಗಿಲ್ಲ, ಅವರ ಕಾಲದಲ್ಲಿ ಹೊಟ್ಟೆ ತುಂಬ ಉಂಡವನೇ ಗಟ್ಟಿಯಾಗಿರುತ್ತಿದ್ದ. ಆದರೆ ಅದೇ ಮಾತು ಬೀದರ್ ಪಟ್ಟಣದ ಮೈಲೂರು ಬಡಾವಣೆಯ ಸುವರ್ಣಾಳಿಗೂ ಅವಳ ತವರಿಗೂ ನಡುವೆ ಅಡ್ಡ ಬಂದು ಕೂತಿತು.

ಸುವರ್ಣಾ ಹುಟ್ಟಿ ಬೆಳೆದದ್ದು ಔರಾದ ತಾಲ್ಲೂಕಿನ ಸಂತಪುರದಲ್ಲಿ. ಹುಡುಗಿಯಾಗಿದ್ದಾಗ ಕಡ್ಡಿಯಂತಿದ್ದಳು. ಭಾಲ್ಕಿಯಿಂದ ಕನ್ಯೆ ನೋಡಲು ಬಂದವರು ಚಹಾ ಕುಡಿದು, "ಹುಡುಗಿ ಭಾಳ ಬಡಕಲ ಅದಾಳ" ಎಂದು ಎದ್ದು ಹೋಗಿದ್ದರು. ತಾಯಿ ಶಾಂತಾಬಾಯಿ ಆ ಮಾತನ್ನು ಮರೆಯಲಿಲ್ಲ. ಬೀದರಿನ ವೈಜಿನಾಥನ ಕೈ ಹಿಡಿದ ಮೇಲೆ ಸುವರ್ಣಾ ತುಂಬಿಕೊಂಡಳು. ಮಕ್ಕಳಾದವು. ಮನೆಯಲ್ಲೇ ಕುಪ್ಪಸ ಹೊಲಿಯುವ ಕೆಲಸ ಹಿಡಿದಳು. ದಿನವಿಡೀ ಮಷಿನ್ ಮುಂದೆ ಕೂತಿರುವುದು, ನಡುನಡುವೆ ಚಹಾ, ಚಹಾದ ಜೊತೆ ಏನಾದರೊಂದು. ತವರಿಗೆ ಹೋದಾಗಲೆಲ್ಲ ಶಾಂತಾಬಾಯಿ ಬಾಗಿಲಲ್ಲೇ ನಿಲ್ಲಿಸಿ, ರೊಟ್ಟಿ ತುಣುಕು ನಿವಾಳಿಸಿ ಎಸೆದು, ಮಗಳ ರಟ್ಟೆ ಹಿಡಿದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ನೋಡ್ರಿ, ನನ್ನ ಮಗಳ ತಬ್ಯತ್ ಹ್ಯಾಂಗಾಗ್ಯಾದ." ಆ ಕೈಗಾಗಿ, ಆ ಒಂದು ಮಾತಿಗಾಗಿಯೇ ಸುವರ್ಣಾ ಸಂತಪುರದ ಬಸ್ಸು ಹತ್ತುತ್ತಿದ್ದಳು ಎಂದರೂ ಸುಳ್ಳಲ್ಲ.

ಒಂದು ಬೇಸಿಗೆಯಲ್ಲಿ ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗದಾಯಿತು. ಕಾಲಿನ ಸಣ್ಣ ಗಾಯ ಮಾಯಲೇ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರ್ ರುಖ್ಸಾರ ಸಕ್ಕರೆ ಕಾಯಿಲೆ ಎಂದಳು.

"ನಾ ಚಹಾಕ್ಕ ಸಕ್ರಿನೇ ಕಮ್ಮಿ ಹಾಕ್ತೇನ್ರಿ. ಮತ್ತ ಸಕ್ರಿ ಬ್ಯಾನಿ ಹ್ಯಾಂಗ ಬಂತು?" ಎಂದಳು ಸುವರ್ಣಾ.

"ನಿಮ್ಮ ಮಷಿನ್ನಾಗ ದೂಳು, ನೂಲು ಸಿಕ್ಕೊಂಡ್ರ ಏನಾಗ್ತದ್ರಿ?"

"ಎಷ್ಟ ತುಳದ್ರೂ ಜಡ ನಡೀತದ್ರಿ."

"ಹಂಗೇ ಅದ ಇದೂ. ಇನ್ಸುಲಿನ್ ನಿಮ್ಮ ಮೈಯಾಗ ಅದ. ಹೊಟ್ಟಿ ಸುತ್ತ ಕೊಬ್ಬು ಕೂತು ಅದರ ಕೆಲಸ ಜಡ ಆಗ್ಯಾದ. ಅದಕ್ಕ ಸಕ್ರಿ ರಕ್ತದಾಗೇ ಉಳೀಲಿಕತ್ಯಾದ. ಗುಳಗಿ ತಗೋರಿ, ದಿನಾ ನಡೀರಿ, ತಬ್ಯತ್ ಕಮ್ಮಿ ಮಾಡ್ರಿ."

ಸಂಜೆ ಸುವರ್ಣಾ ತವರಿಗೆ ಫೋನು ಮಾಡಿ ಅದನ್ನೇ ಹೇಳಿದಳು. ಫೋನು ಹಿಡಿದಿದ್ದ ತಮ್ಮ ಬಸವಕಿರಣ ಅರ್ಧ ಕೇಳಿ, ಪಡಸಾಲೆಯಲ್ಲಿದ್ದ ತಾಯಿಗೆ ಕೂಗಿ ಹೇಳಿದ: "ಅವ್ವಾ, ಅಕ್ಕಗ ಸಕ್ರಿ ಬ್ಯಾನಿ ಅಂತ. ತಬ್ಯತ್ ಕಮ್ಮಿ ಆಗ್ಯಾದಂತ." ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಶಾಂತಾಬಾಯಿ ಇದ್ದಲ್ಲೇ ಕುಸಿದು ಕೂತಳು. ಅವಳ ಗಂಡನಿಗೂ ಇದೇ ಕಾಯಿಲೆ ಇತ್ತು. ಗುಳಿಗೆ ಮುಟ್ಟದೆ, ಡಾಕ್ಟರರ ಮುಖ ನೋಡದೆ, ನೋಡನೋಡುತ್ತ ಸವೆದು ಹೋಗಿದ್ದ. ಆ ಮನೆಯಲ್ಲಿ ಸೊರಗುವುದೆಂದರೆ ಸಾವು ಹೊಸ್ತಿಲಿಗೆ ಬಂದಂತೆ. ಸುವರ್ಣಾ ಎಷ್ಟು ಬಿಡಿಸಿ ಹೇಳಿದರೂ ತಾಯಿಯದು ಒಂದೇ ಮಾತು: "ನನ್ನ ಮುಂದ ಮುಚ್ಚಿಡಬ್ಯಾಡ ಯವ್ವಾ."

ಸುವರ್ಣಾ ಛಲದ ಹೆಣ್ಣು. ತಾಟಿನಲ್ಲಿ ರೊಟ್ಟಿ ಕಡಿಮೆಯಾಯಿತು, ಕಾಳುಪಲ್ಯ, ಸೊಪ್ಪು ಹೆಚ್ಚಾಯಿತು. ಬೆಳಗಿನ ಚಳಿಯಲ್ಲಿ ಕೋಟೆಯವರೆಗೆ ನಡೆದಳು. ಮೊದಮೊದಲು ಮೊಣಕಾಲು ಬೈದವು, ಆಮೇಲೆ ಸುಮ್ಮನಾದವು. ವರ್ಷ ತುಂಬುವುದರೊಳಗೆ ತನ್ನ ಕುಪ್ಪಸಗಳನ್ನೆಲ್ಲ ಬಿಚ್ಚಿ ಒಳಗೆ ಹಿಡಿದು ಹೊಲಿದುಕೊಳ್ಳಬೇಕಾಯಿತು. ರುಖ್ಸಾರ ಗುಳಿಗೆಯನ್ನು ಅರ್ಧಕ್ಕಿಳಿಸಿದಳು. "ಎಲ್ಲಾರಿಗೂ ಹಿಂಗಾಗಂಗಿಲ್ರಿ. ಉಳದದ್ದು ನಿಮ್ಮಷ್ಟಕ್ಕ ನೀವೇ ಬಿಡಬ್ಯಾಡ್ರಿ" ಎಂದು ಎಚ್ಚರಿಸಿದಳು.

ಇಷ್ಟೆಲ್ಲ ಆದರೂ ಸುವರ್ಣಾ ಸಂತಪುರಕ್ಕೆ ಹೋಗಲಿಲ್ಲ. ಬಸ್ಸಿಗೇನು ಬರವಿರಲಿಲ್ಲ. ಪಂಚಮಿಗೆ ಹೊಲಿಗೆ ಕೆಲಸ ಎಂದಳು, ದೀಪಾವಳಿಗೆ ನೆಗಡಿ ಎಂದಳು. ತಾಯಿ ರಟ್ಟೆ ಹಿಡಿದು ಸುಮ್ಮನಾಗಿಬಿಟ್ಟರೆ ಎಂಬುದೇ ಅವಳ ಭಯ. ಮಷಿನ್ ತುಳಿಯುತ್ತ ತುಳಿಯುತ್ತ ಆ ಬಾಗಿಲು, ಆ ಒರಟು ಅಂಗೈ ನೆನಪಾಗಿ ಹೊಲಿಗೆ ಸೊಟ್ಟಗಾಗುತ್ತಿತ್ತು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಗೆ ಮುಂಚೆ ಬಸವಕಿರಣ ಫೋನು ಮಾಡಿದ. "ಈ ಸಲ ನೀ ಬರಲಿಲ್ಲಂದ್ರ ಅವ್ವ ಹೊಲಕ್ಕ ಬರಂಗಿಲ್ಲ ಅಂತಾಳ." ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಉಣ್ಣದ ರೈತರ ಮನೆ ನಮ್ಮ ಕಡೆ ಉಂಟೇ? ಸುವರ್ಣಾ ಹೊರಟಳು.

ಶಾಂತಾಬಾಯಿ ಬಾಗಿಲಲ್ಲೇ ಇದ್ದಳು. ರೊಟ್ಟಿ ನಿವಾಳಿಸಿದಳು, ಎಸೆದಳು, ರಟ್ಟೆ ಹಿಡಿದಳು. ಕೈ ಅಲ್ಲೇ ನಿಂತಿತು. ಏನೂ ಅನ್ನದೆ ಒಳಗೆ ಹೋದಳು. ಇಷ್ಟು ತಿಂಗಳು ಹೆದರಿದ್ದು ಇದಕ್ಕೇ ಎಂದು ಸುವರ್ಣಾಳಿಗೆ ಅಳು ಬಂತು.

ಹೊಲದಲ್ಲಿ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ಗೋಧಿ ಹುಗ್ಗಿ ಎಲ್ಲ ಇತ್ತು. ಕಾಳು, ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿಯನ್ನು ಸುವರ್ಣಾ ಬಾಯಿ ಚಪ್ಪರಿಸಿ ಉಂಡಳು. ಹುಗ್ಗಿ ಎರಡು ತುತ್ತಿಗೆ ಸಾಕೆಂದಳು. ಊಟ ಬಲ್ಲವನಿಗೆ ರೋಗವಿಲ್ಲ ಎಂದ ಪುಣ್ಯಾತ್ಮ ತವರಿನಲ್ಲಿ ಅವ್ವನ ಮುಂದೆ ಕೂತು ಉಂಡಿರಲಿಕ್ಕಿಲ್ಲ.

"ನಿಮ್ಮಪ್ಪನೂ ಹಿಂಗೇ ಸಾಕು ಸಾಕು ಅಂತಿದ್ದ" ಎಂದಳು ಶಾಂತಾಬಾಯಿ.

"ಅಪ್ಪನ್ನ ಬ್ಯಾನಿ ಕರಗಿಸ್ತವ್ವಾ. ನಾ ಬ್ಯಾನಿನ್ನ ಕರಗಿಸ್ಲಿಕತ್ತೇನಿ."

ತಾಯಿ ಹುಗ್ಗಿಯ ಪಾತ್ರೆಗೆ ಮುಚ್ಚಳ ಹಾಕಿದಳು. ಮರುದಿನ ಮಗಳನ್ನು ಕಳಿಸಲು ಬಸ್ ನಿಲ್ದಾಣದವರೆಗೆ ತಾನೇ ಬಂದಳು. ಕಟ್ಟೆಯ ಮೇಲೆ ಮಗಳ ಪಕ್ಕ ಕೂತು ಕೇಳಿದಳು.

"ಖರೇ ಹೇಳು. ನೀ ಸಾಯಂಗಿಲ್ಲಲ್ಲ?"

"ಇಲ್ಲವ್ವಾ. ಬದಕಲಿಕ್ಕೇ ಇಷ್ಟೆಲ್ಲಾ ಮಾಡೇನಿ."

"ಮತ್ತ ಮೊದಲಿನಂಗ ಆಗಂಗಿಲ್ಲ?"

"ಆಗಬಾರದವ್ವಾ."

ಶಾಂತಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಇದ್ದಿ, ಅಷ್ಟ ಸಾಕು ನನಗ. ಆದ್ರ ಆ ಮೊದಲಿನ ಮಗಳು ಭಾಳ ನೆನಪಾಗ್ತಾಳ ಯವ್ವಾ. ಆಕೀನ್ನ ನಾನೇ ಉಣ್ಸಿ ಉಣ್ಸಿ ಮಾಡಿದ್ದೆ."

"ನನಗೂ ನೆನಪಾಗ್ತಾಳವ್ವಾ" ಎಂದಳು ಸುವರ್ಣಾ.

ಬೀದರಿನ ಬಸ್ಸು ಬಂತು. ಇಬ್ಬರೂ ಅದನ್ನು ಹೋಗಲು ಬಿಟ್ಟು, ಮುಂದಿನದಕ್ಕೆ ಕಾಯುತ್ತ ಅಲ್ಲೇ ಕೂತರು.