ಅವ್ವ ಒತ್ತದ ಹೆಬ್ಬೆಟ್ಟು

ಅಪ್ಪ ತೀರಿಕೊಂಡ ವರ್ಷವೇ ಅವ್ವ ದೇವದುರ್ಗ ಬಿಟ್ಟು ನಮ್ಮಿಬ್ಬರನ್ನು ರಾಯಚೂರಿಗೆ ಕರೆತಂದಳು. ನಾನು ಒಂಬತ್ತರ ಹುಡುಗಿ, ತಂಗಿ ಇನ್ನೂ ಮೊಲೆ ಬಿಡದ ಕೂಸು. ಅವ್ವನಿಗೆ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಹತ್ತಿಯೊಳಗಿನ ಎಲೆ, ಕಸ ಆರಿಸಿ ಯಂತ್ರದ ಬಾಯಿಗೆ ಕೊಡುವುದು. ಸಂಜೆ ಬಂದರೆ ಅವಳ ಹುಬ್ಬು, ರೆಪ್ಪೆಗಳ ಮೇಲೆಲ್ಲ ಬಿಳಿ ಧೂಳು. ತಂಗಿ ಗುರುತು ಸಿಗದೆ ಅಳುತ್ತಿದ್ದಳು. ಅವ್ವ ಮುಖ ತೊಳೆದ ಮೇಲೆಯೇ ಕೈ ಚಾಚುತ್ತಿದ್ದಳು.

ಹಗಲೆಲ್ಲ ಕೂಸು ನನ್ನ ಸೊಂಟದ ಮೇಲೆ. ಗಿರಣಿಯ ಗೇಟಿನ ಹೊರಗೆ ಗೋಡೆಯ ನೆರಳಿನಲ್ಲಿ ಕೂತಿರುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನ ಭೋಂಗಾ ಕೂಗಿದಾಗ ಮಾತ್ರ ಅವ್ವ ಓಡಿಬಂದು ಹಾಲು ಕುಡಿಸಬಹುದಿತ್ತು. ನಡುವೆ ಹೊರಗೆ ಬರುವಂತಿಲ್ಲ.

ಆ ಬ್ಯಾಸಗಿ ತಂಗಿಗೆ ವಾಂತಿ-ಭೇದಿ ಹತ್ತಿತು. ಬಿಸಿಲೇರುವ ಹೊತ್ತಿಗೆ ಅವಳ ಕಣ್ಣು ಮೇಲಾಗತೊಡಗಿದವು. ನಾನು ಗೇಟಿನ ಸರಳು ಹಿಡಿದು, "ನಮ್ಮವ್ವನ್ನ ಕರೀರಿ" ಎಂದೆ.

"ಭೋಂಗಾ ಆಗೂತನಕ ಯಾರನ್ನೂ ಬಿಡಬ್ಯಾಡ ಅಂತ ಹುಕುಂ ಅದವ್ವಾ" ಎಂದ ಕಾವಲುಗಾರ. ತನ್ನ ತಂಬಿಗೆಯ ನೀರನ್ನೇ ಕೂಸಿನ ತುಟಿಗೆ ಹಚ್ಚಿದ.

ಅವ್ವ ಬಂದಾಗ ಕೂಸಿಗೆ ಮೊಲೆ ಚೀಪುವ ಶಕ್ತಿ ಇರಲಿಲ್ಲ. ಮರುದಿನ ಹೋಯಿತು. ಗಿರಣಿಯ ಯಂತ್ರ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ನಮ್ಮ ಓಣಿಯವನು. ಅವನೇ ಬಂದು ಗುಂಡಿ ತೋಡಿದ.

ಕೂಸು ಹೋದ ಮೇಲೆ ನನಗೆ ಕೆಲಸವೇ ಉಳಿಯಲಿಲ್ಲ. ಅವ್ವ ನನ್ನನ್ನು ಸಾಲಿಗೆ ಹಾಕಿದಳು. ನಾನು ಅಕ್ಷರ ಕಲಿತದ್ದು ತಂಗಿ ಸತ್ತದ್ದರಿಂದ. ಇದನ್ನು ಯಾರ ಮುಂದೂ ಹೇಳಿಲ್ಲ. ನಿಜಾಮರ ಕಾಲ, ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು. ಎರಡು ವರ್ಷದಲ್ಲಿ ಚೆನ್ನಾಗಿಯೇ ಓದುತ್ತಿದ್ದೆ.

ಆಗ ಗಿರಣಿಯ ಆಳುಗಳೆಲ್ಲ ಸೇರಿ ತಮ್ಮ ಬೇಡಿಕೆ ಬರೆಸಿ ಮಾಲೀಕನಿಗೆ ದರಖಾಸ್ತು ಕೊಡುವುದೆಂದು ಮಾಡಿದರು. ಮುಂದಾಳು ಅದೇ ಮಿಸ್ತ್ರಿ. ಅವ್ವ ಅವನ ಮನೆಗೇ ಹೋಗಿ ಕೇಳಿದಳು: "ಎಳಿ ಕೂಸಿನ ತಾಯಂದಿರನ್ನ ದಿನಕ್ಕೆರಡು ಸಲ ಹಾಲು ಕುಡಿಸಾಕ ಹೊರಗ ಬಿಡಬೇಕು. ಇದೊಂದು ಬರೆಸ್ರೀ ಅಣ್ಣಾ."

"ಬರೆಸೋಣು ತಂಗಿ" ಎಂದಿದ್ದ.

ಕೆಲ ದಿನಗಳ ಮೇಲೆ, ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ನಾನು ಅವ್ವನಿಗೆ ರೊಟ್ಟಿ ತಂದ ಹೊತ್ತಿನಲ್ಲೇ, ಮಿಸ್ತ್ರಿ ದರಖಾಸ್ತು ಹಿಡಿದು ಗೇಟಿನ ಹೊರಗೆ ಹೆಂಗಸರು ಉಣ್ಣುತ್ತಿದ್ದಲ್ಲಿಗೆ ಬಂದ. ಜೊತೆಗೆ ಮಸಿಯ ಬಟ್ಟಲು. ಯಾರಿಗೂ ಓದಲು ಬಾರದು. ಅವ್ವನ ಪಕ್ಕ ಕೂತು ಕೆಲಸ ಮಾಡುತ್ತಿದ್ದ ಮುಸಲ್ಮಾನರ ಹೆಂಗಸು, ನಾನು ಖಾಲಾ ಎಂದು ಕರೆಯುತ್ತಿದ್ದವಳು, ಉರ್ದುವಿನಲ್ಲಿ ಬರೆದಿದ್ದ ಕಾಗದ ಇಸಿದುಕೊಂಡು ನನ್ನ ಕೈಗಿಟ್ಟು, "ಪಡ್ ಬೇಟಿ" ಎಂದಳು.

ಓದಿದೆ. ಕೂಲಿ ಹೆಚ್ಚಿಸಬೇಕು. ಯಂತ್ರಕ್ಕೆ ಕೈ ಸಿಕ್ಕವರಿಗೆ ಪರಿಹಾರ ಕೊಡಬೇಕು. ವಾರಕ್ಕೊಂದು ದಿನ ರಜೆ. ಅಷ್ಟೇ.

"ಇನ್ನೊಮ್ಮಿ ಓದು" ಎಂದಳು ಅವ್ವ. ಇನ್ನೊಮ್ಮೆ ಓದಿದೆ. ಅವಳ ಮಾತು ಅದರಲ್ಲಿ ಇರಲಿಲ್ಲ.

ಮಿಸ್ತ್ರಿ ನೆಲ ನೋಡುತ್ತ ಹೇಳಿದ: "ಎಲ್ಲಾ ಒಮ್ಮಿಗೇ ಕೇಳಿದ್ರ ಸಾವ್ಕಾರ ಒಪ್ಪಂಗಿಲ್ಲವ್ವಾ. ಮದಲ ದೊಡ್ಡ ಮಾತು ಮುಗೀಲಿ. ಹೆಣ್ಮಕ್ಕಳದ್ದು ಆಮ್ಯಾಲ ನೋಡೋಣು."

"ನನ್ನ ಕೂಸಿನ ಗುಂಡಿ ನೀವೇ ತೋಡಿದ್ರಿ. ಅದು ಸಣ್ಣ ಮಾತಂದ್ರ ನಾ ಹೆಬ್ಬಟ್ಟು ಒತ್ತಂಗಿಲ್ಲ."

ಖಾಲಾ ಕೂಡ ಒತ್ತಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಎದ್ದು ಬಟ್ಟಲಿಗೆ ಬೆರಳದ್ದಿದರು. ಒತ್ತಿ ಬಂದವರು ಅವ್ವನ ಮುಖ ನೋಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರ ಮನೆಗಳಲ್ಲೂ ಹಸಿವಿತ್ತು.

ಮಾಲೀಕ ಕೂಲಿ ಅಷ್ಟಿಷ್ಟು ಏರಿಸಿದ. ಮಳೆಗಾಲಕ್ಕೆ ಮುಚ್ಚಿದ್ದ ಗಿರಣಿ ಮುಂದಿನ ಹತ್ತಿ ಸುಗ್ಗಿಗೆ ತೆರೆದಾಗ ಅವ್ವನನ್ನೂ ಖಾಲಾಳನ್ನೂ ಗೇಟಿನಲ್ಲೇ ತಡೆದರು. ಹಾಲು ಕುಡಿಸುವ ಬಿಡುವಿನ ಮಾತು ಮಾಲೀಕನ ಕಿವಿಗೂ ಬಿದ್ದಿತ್ತು; ಅಂಥ ಗಲಾಟೆ ಎಬ್ಬಿಸುವವರು ಒಳಗೆ ಬೇಡವಂತೆ. ಅವ್ವ ಮಿಸ್ತ್ರಿಯ ಬಳಿ ಹೋದಳು. ಅವನಿಗೂ ಸಂಕಟವಾಗಿತ್ತು.

"ದರಖಾಸ್ತಿನಾಗ ನಿನ್ನ ಹೆಬ್ಬಟ್ಟಿಲ್ಲ ತಂಗಿ. ನಮ್ಮಾಕಿ ಅಂತ ಹೆಂಗ ಹೇಳ್ಲಿ?"

ಖಾಲಾ ಬಜಾರಿನಲ್ಲಿ ಕಾಯಿಪಲ್ಲೆ ಮಾರುತ್ತ ಕೂತಳು. ನಾವು ಮಾನ್ವಿಗೆ, ಸೋದರಮಾವನ ಆಸರೆಗೆ ಹೋದೆವು. ನನ್ನ ಸಾಲಿ ಅಲ್ಲಿಗೇ ನಿಂತಿತು. ಅವ್ವನ ಜೊತೆ ನಾನೂ ಹತ್ತಿ ಬಿಡಿಸಲು ಹೊಲಕ್ಕೆ ಹೋಗತೊಡಗಿದೆ. ಒಂದು ಸಂಜೆ ಕೇಳಿಯೇಬಿಟ್ಟೆ.

"ಯವ್ವಾ, ಅವತ್ತು ನಿನ್ನ ಮಾತು ಅದರಾಗ ಅದ ಅಂತ ನಾ ಸುಳ್ಳು ಓದಿದ್ರ ನಿನ್ನ ಕೆಲಸ ಉಳೀತಿತ್ತಲ್ಲ?"

ಅವ್ವ ಕೈ ನಿಲ್ಲಿಸಲಿಲ್ಲ. "ಸುಳ್ಳು ಓದಾಕ ಸಾಲಿಗಿ ಹಾಕಿದ್ನೇನು?" ಎಂದಳು. ಆಮೇಲೆ ಹತ್ತಿಗಿಡಗಳ ಸಾಲಿನ ತುದಿಗೆ ಹೋಗಿ, ನನಗೆ ಬೆನ್ನು ಮಾಡಿ ಕೂತಳು. ಭುಜ ಅಲುಗುತ್ತಿದ್ದವು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ಅವಳು ಬಿಟ್ಟಿದ್ದ ಗಿಡಗಳ ಹತ್ತಿ ಬಿಡಿಸುತ್ತ ನಿಂತೆ.