ಬಂದಾದ ಮಷಿನ್‌ನೊಳಗಿನ ಒತ್ತಡ

ತಾವರಗೇರಾ ಹತ್ತಿರದ ಕಲ್ಲಿನ ಕ್ವಾರಿಯಲ್ಲಿ ನಾನು ಮಷಿನ್‌ಗಳ ಫೋರ್‌ಮನ್ ಆಗಿದ್ದೆ. ರಿಪೇರಿಗೆ ಮುನ್ನ ನನ್ನದೊಂದು ಕಟ್ಟಳೆ: ಬಕೆಟ್ ನೆಲಕ್ಕೆ, ಎಂಜಿನ್ ಬಂದ್, ಕೀಲಿ ನನ್ನ ಜೇಬಿಗೆ. ಅದನ್ನು ನಂಬಿಯೇ ಒಬ್ಬನ ಕೈ ಕಳೆಯುವುದರಲ್ಲಿದ್ದೆ.

ಹೊಸ ಎಕ್ಸ್‌ಕವೇಟರ್ ಬಂದಿತ್ತು. ಹಳೆಯವುಗಳಲ್ಲಿ ತೋಳು ಇಳಿಯುವಾಗಿನ ಬಲ ಎಣ್ಣೆಯನ್ನು ಬಿಸಿ ಮಾಡಿ ವ್ಯರ್ಥವಾಗುತ್ತಿತ್ತು. ಇದರಲ್ಲಿ ಆ ಬಲ ಒಂದು ಉಕ್ಕಿನ ಸಿಲಿಂಡರಿನಲ್ಲಿ ಒತ್ತಡವಾಗಿ ಕೂಡಿಕೊಂಡು, ಮತ್ತೆ ತೋಳೆತ್ತಲು ನೆರವಾಗುತ್ತಿತ್ತು, ಡೀಸೆಲ್ ಉಳಿಯುತ್ತಿತ್ತು. ಎಂಜಿನ್ ಬಂದಾದರೂ ಒತ್ತಡ ಒಳಗೇ ಇರುತ್ತದೆ, ಕೀಲಿ ತಿರುಗಿಸಿ ಗುಂಡಿ ಒತ್ತಿ ಇಳಿಸಬೇಕು ಎಂದು ಕಂಪನಿಯವರು ಹೇಳಿದ್ದನ್ನು ನಾನೇ ಬರೆದುಕೊಂಡಿದ್ದೆ.

ಅಂದು ಅಮಾವಾಸ್ಯೆ. ಮಷಿನ್ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆ ಮಧ್ಯಾಹ್ನದವರೆಗೆ ನಮ್ಮಲ್ಲಿ ಕೀಲಿ ತಿರುಗಿಸುವುದಿಲ್ಲ. ಸಿಲಿಂಡರಿನ ಪೈಪಿನ ಬಾಯಲ್ಲಿ ಎಣ್ಣೆ ಜಿನುಗುತ್ತಿತ್ತು. ಗಂಗಾವತಿಯ ಫಿಟ್ಟರ್ ಅಲ್ಲಿನ ನಟ್ಟು ಬಿಚ್ಚಲು ಪಾನಾ ಹಿಡಿದು ಕೆಳಗೆ ತೂರಿದ.

"ಬಿಚ್ಚಲೇನ್ರಿ ಸಾಹೇಬ್ರ?"

"ನಿನ್ನಿ ಸಂಜಿಯಿಂದ ಬಂದ್ ಐತಿ. ಬಿಚ್ಚು," ಎಂದೆ. ಪೂಜೆಯಾದ ಮಷಿನ್‌ನ ಕೀಲಿ ತಿರುಗಿಸಲು ಮನಸ್ಸಾಗಲಿಲ್ಲ.

ಆಪರೇಟರ್ ಆಚೆಯಿಂದ ಕೂಗಿದ: "ಲಗೂ ಮಾಡೋ ಮಾರಾಯಾ, ನಿನ್ನ ಪಾಲಿನ ಹೋಳಿಗಿ ನಾನ ತಿಂತೀನಿ ನೋಡು!"

"ಮುಟ್ಟಿ ನೋಡು ಮಗನ, ಈ ಪಾನಾದ್ಲೇ ಕೊಡ್ತೀನಿ!"

ಆಗ ನನ್ನ ಕಣ್ಣು ಸಿಲಿಂಡರಿನ ಮೇಲಿನ ಮೀಟರಿಗೆ ಬಿತ್ತು. ಮುಳ್ಳು ಕೆಂಪು ಗೆರೆಯ ಹತ್ತಿರವಿತ್ತು. ಅವನ ಎಡ ಅಂಗೈ ನಟ್ಟಿನ ಮೇಲೆಯೇ ಇತ್ತು. ಅಂಥ ಒತ್ತಡದ ಎಣ್ಣೆ ಕೂದಲೆಳೆಯಷ್ಟು ಹೊರಟರೂ ಚರ್ಮ ಸೀಳಿ ಒಳಹೊಗುತ್ತದೆ. ಕೈ ಉಳಿಯುವುದು ಕಷ್ಟ.

"ಕೈ ತಗಿ! ಪಾನಾ ಅಲ್ಲೇ ಬಿಟ್ಟು ಹೊರಗ ಬಾ!"

ನಟ್ಟು ಆಗಲೇ ಕಾಲು ಸುತ್ತು ತಿರುಗಿತ್ತು. ಅವನು ತೆವಳಿ ಬರುವವರೆಗೂ ನಾನು ಅವನ ಬೆರಳುಗಳನ್ನೇ ನೋಡುತ್ತ ನಿಂತೆ.

ಕ್ಯಾಬಿನ್ ಹತ್ತಿದೆ. "ಪೂಜಿ ಆಗೇತ್ರಿ ಸಾಹೇಬ್ರ, ಕೀಲಿ..." ಎಂದ ಆಪರೇಟರ್. ತಿರುಗಿಸಿ ಗುಂಡಿ ಒತ್ತಿದೆ. ಒಳಗೆ ಬುಸ್ಸೆಂದಿತು. ಇಳಿದು ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು.

"ಈಗ ಬಿಚ್ಚು."

ಫಿಟ್ಟರ್ ಅಲುಗಲಿಲ್ಲ. "ಆಗಲೂ ಹಿಂಗ ಬಿಚ್ಚು ಅಂದಿದ್ರೆಲ್ರಿ. ಮೊದಲ ನೀವು ಕೈ ಇಡ್ರಿ."

ಪೂಜೆಯ ಬಿಳಿ ಅಂಗಿಯಲ್ಲೇ ಕೆಸರಿಗೆ ಇಳಿದು, ಮಷಿನ್ ಕೆಳಗೆ ತೂರಿ, ನಟ್ಟಿನ ಮೇಲೆ ಅಂಗೈ ಇಟ್ಟೆ. ಸೊನ್ನೆಯನ್ನು ಕಣ್ಣಾರೆ ಕಂಡಿದ್ದರೂ ಪಾನಾ ತಿರುಗಿಸಲು ಕೈ ಏಳಲಿಲ್ಲ. ಕೊನೆಗೆ ನಟ್ಟು ಕಳಚಿ, ನಾಲ್ಕು ಹನಿ ತಣ್ಣಗಿನ ಎಣ್ಣೆ ನನ್ನ ತೋಳಿಗೆ ತೊಟ್ಟಿಕ್ಕಿದ ಮೇಲೆಯೇ ಅವನು ಪಕ್ಕಕ್ಕೆ ಬಂದು ಪಾನಾ ತೆಗೆದುಕೊಂಡ.