ಹಲ್ಲು ಕೀಳಿಸಿದವನು ಪೂಜೆ ಮಾಡಬಹುದೇ?

ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದಾರೆ. ಬರುವುದು ಹೇಗೆ ಸ್ವಾಮಿ? ನನ್ನ ಬಾಯಿಯೇ ತೆರೆಯುತ್ತಿರಲಿಲ್ಲ! (ಬರೆಯಲು ಬಾಯಿ ಯಾಕೆ ಎನ್ನಬೇಡಿ. ಗಟ್ಟಿಯಾಗಿ ಹೇಳಿಕೊಳ್ಳದೆ ನನಗೆ ಒಂದು ಸಾಲೂ ಬರೆಯಲು ಬಾರದು.)

ಎಡದವಡೆಯ ತುದಿಯಲ್ಲಿ ನೋವು ಶುರುವಾಯಿತು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ. ಬೆಳಗಾಗುವಾಗ ಕೆನ್ನೆ ಬನ್ನಿನ ಹಾಗೆ ಊದಿತ್ತು. ಗಂಜಿ ಕುಡಿಯುವುದಕ್ಕೂ ಬಾಯಿ ಬಿಡಲಾಗದು. ಹೆಂಡತಿ ನೋಡಿ ಮೊದಲು ನಕ್ಕಳು, ಆಮೇಲೆ ಗಾಬರಿಯಾದಳು.

"ಬರುವ ತಿಂಗಳ ಮೊದಲಿಗೇ ನಿಮ್ಮ ಪೂಜೆಯ ಸರದಿ ಅಲ್ವಾ? ಹೀಗಾದ್ರೆ ಮಂತ್ರ ಹೇಳುವುದು ಹೇಗೆ?"

ನಾನು ಹೊಟ್ಟೆಪಾಡಿಗೆ ಶಾಲಾ ಮಾಸ್ತರ. ಆದರೆ ನಮ್ಮ ಮನೆತನಕ್ಕೆ ದೇವಸ್ಥಾನದಲ್ಲಿ ಪೂಜೆಯ ಸರದಿ ಇದೆ. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಮೊದಲ ಸರದಿ ಇದು! ನಾನು ನಿಲ್ಲದಿದ್ದರೆ ಅದು ದಾಯಾದಿಗಳಿಗೆ ಹೋಗುತ್ತದೆ. ಬಿಡಲಾದೀತೇ?

ಪೇಟೆಗೆ, ಹಂಪನಕಟ್ಟೆಗೆ ಓಡಿದೆ. ಅಲ್ಲೊಂದು ಮಾಳಿಗೆಯಲ್ಲಿ ಹಲ್ಲಿನ ಡಾಕ್ಟರು ಇದ್ದಾರೆ. ಬಾಯಿ ತೆರೆದಷ್ಟರಲ್ಲೇ ಪುಟ್ಟ ಕನ್ನಡಿ ತೂರಿಸಿ ಇಣುಕಿದರು.

"ಕೊನೆಯ ಹಲ್ಲು ಮಾಸ್ತ್ರೇ. ವಿಸ್‌ಡಂ ಟೂತ್ ಹೇಳ್ತಾರಲ್ಲ, ಅದೇ. ಜಾಗ ಉಂಟಾದ್ರೆ ನೆಟ್ಟಗೆ ಬರ್ತದೆ, ಅಂಥದ್ದನ್ನು ನಾವು ಮುಟ್ಟುವುದೇ ಇಲ್ಲ. ನಿಮ್ಮ ದವಡೆಯಲ್ಲಿ ಜಾಗ ಎಲ್ಲಿ ಉಂಟು? ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವನ ಹಾಗೆ ಅಡ್ಡ ಬಿದ್ದು ಪಕ್ಕದ ಒಳ್ಳೇ ಹಲ್ಲನ್ನು ದೂಡ್ತಾ ಉಂಟು. ಹೊರಗೆ ಬಂದದ್ದು ಅರ್ಧವೇ. ವಸಡಿನ ಅಡಿಗೆ ಅನ್ನ ಹೋಗಿ, ಕೊಳೆತು, ಬಾವು ಬಂದದ್ದು. ಬಾವು ಇಳೀಲಿಕ್ಕೆ ಮದ್ದು ಕೊಡ್ತೇನೆ. ಆದರೆ ಹಲ್ಲು ತೆಗೀದಿದ್ರೆ ಇದು ಪುನಃ ಬರ್ತದೆ."

ಕೀಳಿಸುವುದೇ ಸರಿ ಎಂದು ಮನೆಗೆ ಬಂದರೆ ಎದುರಿಗೆ ದೊಡ್ಡಪ್ಪ! ಮನೆಯ ಹಿರಿಯರು. ಕಿವಿಯಲ್ಲಿ ಒಂಟಿ, ಬಲಗೆನ್ನೆಯಲ್ಲಿ ಸದಾ ಎಲೆಯಡಿಕೆ.

"ಎಂತ? ಕೀಳಿಸುವುದಾ? ಅಂಗಭಂಗ ಮಾಡಿಕೊಂಡವ ಗರ್ಭಗುಡಿ ಮೆಟ್ಟುವ ಹಾಗಿಲ್ಲ! ಶಾಸ್ತ್ರ ಉಂಟು!"

ಹಲ್ಲು ಇಟ್ಟುಕೊಂಡರೆ ಮಂತ್ರ ಇಲ್ಲ, ತೆಗೆಸಿದರೆ ಪೂಜೆ ಇಲ್ಲ. ಇದೊಳ್ಳೆ ಫಜೀತಿ! "ತಂತ್ರಿಗಳನ್ನೇ ಕೇಳುವ" ಎಂದಳು ಹೆಂಡತಿ. (ನಮ್ಮ ದೇವಸ್ಥಾನದ ವಿಧಿನಿಯಮಗಳಲ್ಲಿ ತಂತ್ರಿಗಳದೇ ಕೊನೆಯ ಮಾತು.)

ಕೂಳೂರಿನವರೆಗೆ ಜಟ್ಕಾ, ಆಮೇಲೆ ದೋಣಿ. ಹೊಳೆಯಾಚೆ ತಂತ್ರಿಗಳ ಮನೆ. ದಾರಿಯುದ್ದಕ್ಕೂ ದೊಡ್ಡಪ್ಪನ ಭಾಷಣ. ಅಲ್ಲಿ ಹೋದ ಮೇಲೂ ಮಾತು ಅವರದೇ! ನನ್ನ ಬಾಯಿ ಮುಚ್ಚಿದೆಯಲ್ಲ, ನನ್ನ ಪರವಾಗಿ ಹೇಳುವವರು ಯಾರು? ಕೆನ್ನೆ ಹಿಡಿದುಕೊಂಡು ಹೂಂ ಹೂಂ ಎಂದೆ, ಅಷ್ಟೇ.

ತಂತ್ರಿಗಳು ಎಲ್ಲವನ್ನೂ ಕೇಳಿ ದೊಡ್ಡಪ್ಪನ ಮುಖವನ್ನೇ ನೋಡಿದರು.

"ಅಲ್ಲ ಮಾರಾಯ, ನಿನ್ನ ಕಿವಿಯ ಆ ತೂತು ಹುಟ್ಟುವಾಗಲೇ ಇತ್ತಾ?"

"ಇಲ್ಲ... ಚುಚ್ಚಿಸಿದ್ದು."

"ಆಗ ಅಂಗಭಂಗ ಆಗ್ಲಿಲ್ವಾ?"

"ಅದು ಶಾಸ್ತ್ರ" ಎಂದು ದೊಡ್ಡಪ್ಪ ಗೊಣಗಿದರು.

"ಇದು ಚಿಕಿತ್ಸೆ. ಬಾಯಿ ತೆರೀಲಿಕ್ಕೆ ಆಗದವ ದೇವರಿಗೆ ಎಂತ ಮಂತ್ರ ಹೇಳ್ತಾನೆ?" ತಂತ್ರಿಗಳು ನನ್ನ ಕಡೆ ತಿರುಗಿದರು. "ನೀನು ಹೋಗಿ ಕೀಳಿಸು. ಗಾಯ ಮಾಯ್ದ ಮೇಲೆ ಸರದಿಗೆ ನಿಲ್ಲು."

ದೋಣಿಯಲ್ಲಿ ನಾನು ಕುಣಿಯುವುದೊಂದು ಬಾಕಿ!

ಬಾವು ಇಳಿದದ್ದೇ ತಡ, ಮಾಳಿಗೆ ಹತ್ತಿದೆ. ಇಂಜೆಕ್ಷನ್ ಚುಚ್ಚಿದರು. ಕೆನ್ನೆ, ನಾಲಗೆ ಎಲ್ಲ ಜೋಮು. ವಸಡು ಸೀಳಿದರು. ಆಮೇಲೆ ಕೈಗೆತ್ತಿಕೊಂಡದ್ದು ಏನು ಗೊತ್ತೇ? ಉಳಿ, ಸುತ್ತಿಗೆ! ಟಕ್, ಟಕ್! ತಲೆಯೊಳಗೆ ಬಡಗಿ ಕೆಲಸಕ್ಕೆ ಕೂತ ಹಾಗೆ. ನೋವಿಲ್ಲ, ಬರೀ ಸದ್ದು. ಕೊನೆಗೆ ಇಕ್ಕಳ ಹಾಕಿ ಒಂದು ಎಳೆತ. ಬಂತು! ಅಬ್ಬಾ, ಅದರ ಡೊಂಕು ಬೇರು ನೋಡಬೇಕಿತ್ತು ನೀವು.

"ಇದು ಒತ್ತಿದ ಕಡೆ ಪಕ್ಕದ ಹಲ್ಲಿಗೂ ಹುಳುಕು ಶುರುವಾಗಿತ್ತು" ಎಂದರು ಡಾಕ್ಟರು. "ಇನ್ನೂ ತಡ ಮಾಡಿದ್ರೆ ಎರಡೂ ಹೋಗ್ತಿತ್ತು."

ಕಿತ್ತ ಹಲ್ಲನ್ನು ಕಾಗದದಲ್ಲಿ ಕಟ್ಟಿ ಮನೆಗೆ ತಂದೆ. ಕೇರಿಯವರೆಲ್ಲ ಬಂದು ನೋಡಿದರು. ದೊಡ್ಡಪ್ಪ ಮಾತ್ರ ಮುಖ ತಿರುಗಿಸಿ ಒಳಗೆ ಹೋದರು.

ಸರದಿಯ ದಿನ ಬಂತು. ಮಂತ್ರ ಹೇಳಿದೆ ನೋಡಿ, ಗರ್ಭಗುಡಿಯೆಲ್ಲ ಗುಂಯ್ ಎಂದಿತು! ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಕಣ್ಣು ತುಂಬಿ ಬಂತು.

ಮಂಗಳಾರತಿ ಮುಗಿಸಿ ಹೊರಗೆ ಬಂದರೆ ದೊಡ್ಡಪ್ಪ ಕಂಬದ ಮರೆಗೆ ಕರೆದರು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ಆ ಸೂಜಿ ಚುಚ್ಚುವುದು... ತುಂಬಾ ನೋಯ್ತದಾ?"

ಕೈ ಎಡಗೆನ್ನೆಯ ಮೇಲಿತ್ತು. ಇಷ್ಟು ವರ್ಷ ಎಲೆಯಡಿಕೆ ಬಲಗೆನ್ನೆಯಲ್ಲೇ ಯಾಕೆ ಇರುತ್ತಿತ್ತು ಎಂದು ನನಗೆ ಆಗ ಹೊಳೆಯಿತು. ಪಾಪ, ಎಡಗಡೆ ಅಗಿಯಲಾರದೆ, ಯಾರಿಗೂ ಹೇಳಲಾರದೆ ಹೆದರಿಕೊಂಡೇ ದಿನ ದೂಡಿದ್ದಾರೆ. ನಾಳೆ ಅವರನ್ನು ಮಾಳಿಗೆ ಹತ್ತಿಸುವವನು ನಾನೇ.

ಓದುಗರೇ, ನಿಮ್ಮ ಮನೆಯ ಹಿರಿಯರು "ಶಾಸ್ತ್ರ ಉಂಟು" ಎಂದು ಗದರಿದಾಗ, ಅವರ ಯಾವ ಕೆನ್ನೆ ನೋಯುತ್ತಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ?